ಉದ್ಯೋಗ ಜಾಲತಾಣಗಳೂ ಮಾಯವಾಗುವ ಸೌಲಭ್ಯಗಳೂ

ಸಂಡೂರಿನ ಬೆಟ್ಟಗಳು ಕಬ್ಬಿಣದ ಮತ್ತು ಮ್ಯಾಂಗನೀಸಿನ ಅದಿರಿಗೆ ಹೆಸರಾದುವು. ದೋಣಿಮಲೆಯ ಗಣಿಗಳೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಈ ತಾಲ್ಲೂಕಿನಲ್ಲಿಯೇ ಇವೆ. ಇಂತಹ ದೊಡ್ಡ ಉದ್ಯಮಗಳ ಆಸರೆಯಲ್ಲಿ ಅನೇಕ ಮಂದಿ ಸಣ್ಣ ಗುತ್ತಿಗೆದಾರರು ಜೀವನ ಸಾಗಿಸುವರು. ಯಂತ್ರಗಳ ದುರಸ್ತಿ, ಕೊಳವೆಗಳ ಜೋಡಣೆ, ಲಾರಿಗಳ ನಿರ್ವಹಣೆ ಮುಂತಾದ ಕೆಲಸಗಳನ್ನು ಅವರು ಒಪ್ಪಿಕೊಂಡು, ಅದಕ್ಕೆ ಬೇಕಾದ ಕುಶಲ ಕೆಲಸಗಾರರನ್ನು ತಾವೇ ಹುಡುಕಿ ತರಬೇಕಾಗುವುದು.

ಇಂತಹ ಗುತ್ತಿಗೆದಾರನೊಬ್ಬನು ಬಂಡ್ರಿಯಲ್ಲಿ ಇರುವನೆಂದು ನಾವು ಊಹಿಸಿಕೊಳ್ಳೋಣ. ಹದಿನೈದು ದಿನಗಳೊಳಗೆ ಅವನಿಗೆ ಎಂಟು ಮಂದಿ ವೆಲ್ಡರುಗಳೂ ನಾಲ್ವರು ಫಿಟ್ಟರುಗಳೂ ಬೇಕಾಗಿದ್ದಾರೆ. ಹಿಂದಾಗಿದ್ದರೆ ಅವನು ಮೇಸ್ತ್ರಿಗಳನ್ನು ಕೇಳುತ್ತಿದ್ದನು. ಸಂತೆಯ ದಿನ ನಾಲ್ಕು ಜನರಿಗೆ ಹೇಳಿ ಕಳುಹಿಸುತ್ತಿದ್ದನು. ಈಗ ಅವನು ಅಂತರ್ಜಾಲದ ಉದ್ಯೋಗ ತಾಣವೊಂದಕ್ಕೆ ವರ್ಷಕ್ಕೆ 24,000 ರೂಪಾಯಿಗಳ ಚಂದಾ ಕಟ್ಟಿದ್ದಾನೆ. ಅದಕ್ಕೆ ಪ್ರತಿಯಾಗಿ ಅವನಿಗೆ ದೊರೆತ ವಾಗ್ದಾನ ಮೂರು ಬಗೆಯದು: ತಿಂಗಳಿಗೆ ನೂರು ಮಂದಿ ಅಭ್ಯರ್ಥಿಗಳ ದೂರವಾಣಿ ಸಂಖ್ಯೆಗಳು, ತಾಲ್ಲೂಕುವಾರು ಹುಡುಕುವ ಅನುಕೂಲ, ಅವನ ಜಾಹೀರಾತಿಗೆ ಪಟ್ಟಿಯ ತಲೆಯಲ್ಲಿ ಸ್ಥಾನ. ಮೂರು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ದೂರವಾಣಿ ಸಂಖ್ಯೆಗಳಿದ್ದ ಜಾಗ ಬರಿದಾಗಿದೆ. ತಾಲ್ಲೂಕಿನ ಆಯ್ಕೆ ಹೋಗಿ ಜಿಲ್ಲೆಯ ಆಯ್ಕೆ ಮಾತ್ರ ಉಳಿದಿದೆ. ಹಿಂದಿನ ಸೌಲಭ್ಯಗಳು ಬೇಕಾದರೆ ಇನ್ನೂ ಹೆಚ್ಚಿನ ದರದ ಚಂದಾ ಕಟ್ಟಬೇಕೆಂದು ಒಂದು ಸಾಲಿನ ಸೂಚನೆ ಕಾಣುತ್ತದೆ.

ಈ ಚಿತ್ರ ಕಲ್ಪಿತವಾದರೂ ಇದರ ಹಿಂದಿರುವ ವಿಷಯ ಕಲ್ಪಿತವಲ್ಲ. ಹಣ ತೆತ್ತು ಕೊಂಡ ವಸ್ತುವಿನ ಒಂದು ಭಾಗ ಕೊಂಡವನ ಕಣ್ಣೆದುರಿನಲ್ಲಿಯೇ ಮಾಯವಾಗುವುದು ಹೇಗೆ ಸಾಧ್ಯ? ಮಾರಿದವನಿಗೆ ಹಾಗೆ ಮಾಡುವ ಮನಸ್ಸೇಕೆ ಬರುತ್ತದೆ? ಕೊಂಡವನಿಗೆ ಉಳಿದಿರುವ ದಾರಿ ಯಾವುದು? ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸೋಣ.

ವಿನಿಮಯ ಕೇಂದ್ರದಿಂದ ಜಾಲತಾಣಕ್ಕೆ

ಕೆಲಸ ಬೇಕಾದವನನ್ನೂ ಕೆಲಸಗಾರ ಬೇಕಾದವನನ್ನೂ ಒಂದೆಡೆ ಸೇರಿಸುವ ಪ್ರಯತ್ನ ಹೊಸದಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಸೇನೆಯಿಂದ ಬಿಡುಗಡೆಯಾಗಿ ಬರುವವರಿಗೆ ಕೆಲಸ ಒದಗಿಸುವ ಸಲುವಾಗಿ, 1945ರಲ್ಲಿ ನಮ್ಮ ದೇಶದಲ್ಲಿ ಸರ್ಕಾರಿ ಉದ್ಯೋಗ ವಿನಿಮಯ ವ್ಯವಸ್ಥೆ ಆರಂಭವಾಯಿತು. ಖಾಲಿ ಇರುವ ಹುದ್ದೆಗಳನ್ನು ಈ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆ 1959ರಲ್ಲಿ ಅಂಗೀಕಾರವಾಯಿತು. ಅಲ್ಲಿ ಹೆಸರು ನೋಂದಾಯಿಸುವುದಕ್ಕಾಗಲಿ, ಹೆಸರುಗಳ ಪಟ್ಟಿಯನ್ನು ಪಡೆಯುವುದಕ್ಕಾಗಲಿ ಹಣ ಕೊಡಬೇಕಾಗಿರಲಿಲ್ಲ.

1997ರಲ್ಲಿ ನೌಕರಿ ಡಾಟ್ ಕಾಮ್ ಎಂಬ ತಾಣ ಆರಂಭವಾಗುವುದರೊಂದಿಗೆ ಈ ಕೆಲಸ ಭಾರತದಲ್ಲಿ ಅಂತರ್ಜಾಲದ ವ್ಯಾಪಾರವಾಗಿ ಬೆಳೆಯಿತು. 2003ರಲ್ಲಿ ಅಮೆರಿಕದಲ್ಲಿ ಲಿಂಕ್ಡ್‌ಇನ್ ಆರಂಭವಾಯಿತು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಬಾಬಾಜಾಬ್ ಎಂಬ ಸಂಸ್ಥೆ ಅಡಿಗೆಯವರು, ಚಾಲಕರು, ಕಾವಲುಗಾರರು ಮೊದಲಾದವರಿಗೆ ಕೆಲಸ ಹುಡುಕಿಕೊಡುವ ಉದ್ದೇಶದಿಂದ ನಡೆಯಿತು. ಬಹುಪಾಲು ಇಂತಹ ತಾಣಗಳಲ್ಲಿ ಕೆಲಸ ಹುಡುಕುವವನು ಹಣ ಕೊಡಬೇಕಾಗಿಲ್ಲ. ಹಣ ಕೊಡುವವನು ಕೆಲಸಗಾರನನ್ನು ಹುಡುಕುವ ಧಣಿ. ಅವನು ಕೊಳ್ಳುವುದೇನು? ಕಾಗದವಲ್ಲ, ಯಂತ್ರವಲ್ಲ. ಬಯೋಡೇಟಾಗಳ ಭಂಡಾರದೊಳಗೆ ಇಷ್ಟು ದೂರ ಹೋಗಿ, ಇಷ್ಟು ನೋಡಿ, ಇಷ್ಟು ಮಂದಿಗೆ ಸಂದೇಶ ಕಳುಹಿಸಬಹುದೆಂಬ ಅನುಮತಿಯನ್ನು ಮಾತ್ರ ಕೊಳ್ಳುತ್ತಾನೆ. ನಮ್ಮ ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಸೌಲಭ್ಯ ಇರುವುದೆಲ್ಲಿ?

ನೀವು ಒಂದು ಹಿಟ್ಟಿನ ಗಿರಣಿಯನ್ನು ಕೊಂಡು ಮನೆಗೆ ತಂದಿರೆನ್ನಿ. ಅದನ್ನು ಮಾರಿದವನು ರಾತ್ರಿ ಬಂದು ಅದರ ಕಲ್ಲನ್ನು ಕಳಚಿಕೊಂಡು ಹೋಗಲಾರನು; ಹೋದರೆ ಅದು ಕಳ್ಳತನವೆನಿಸುವುದು. ಆದರೆ ಜಾಲತಾಣದ ಸೌಲಭ್ಯ ನಿಮ್ಮ ಮನೆಗೆ ಬರುವುದೇ ಇಲ್ಲ. ನಿಮ್ಮ ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಕಾಣುವುದು ಅದರ ಮುಖ ಮಾತ್ರ. ಕೆಲಸ ನಡೆಯುವುದು ದೂರದಲ್ಲೆಲ್ಲೋ ಇರುವ ಸರ್ವರ್ ಎಂಬ ಗಣಕಯಂತ್ರಗಳಲ್ಲಿ.

ಗುತ್ತಿಗೆದಾರನು ‘ಸಂಡೂರು ತಾಲ್ಲೂಕು, ವೆಲ್ಡರ್’ ಎಂದು ಒತ್ತಿದಾಗ ನಡೆಯುವ ಕ್ರಮವನ್ನು ನೋಡೋಣ. ಅವನ ಬೇಡಿಕೆಯೊಂದಿಗೆ ಅವನ ಖಾತೆಯ ಗುರುತೂ ಸರ್ವರಿಗೆ ತಲಪುತ್ತದೆ. ಸರ್ವರು ಮೊದಲು ಒಂದು ಕೋಷ್ಟಕವನ್ನು ತೆರೆದು ನೋಡುತ್ತದೆ. ಅದರ ಒಂದು ಬದಿಯಲ್ಲಿ ಚಂದಾದ ಬಗೆಗಳು, ಇನ್ನೊಂದು ಬದಿಯಲ್ಲಿ ಸೌಲಭ್ಯಗಳ ಹೆಸರುಗಳು, ನಡುವಣ ಮನೆಗಳಲ್ಲಿ ‘ಉಂಟು’ ಅಥವಾ ‘ಇಲ್ಲ’ ಎಂಬ ಗುರುತು. ‘ಉಂಟು’ ಎಂದಿದ್ದರೆ ದೂರವಾಣಿ ಸಂಖ್ಯೆ ಸೇರಿದ ಪುಟವನ್ನೂ ‘ಇಲ್ಲ’ ಎಂದಿದ್ದರೆ ಅದಿಲ್ಲದ ಪುಟವನ್ನೂ ಅದು ಆ ಕ್ಷಣದಲ್ಲಿಯೇ ಕಟ್ಟಿ ಕಳುಹಿಸುತ್ತದೆ. ಪ್ರತಿ ಸಲವೂ ಪುಟ ಹೊಸದಾಗಿ ಸಿದ್ಧವಾಗುವುದರಿಂದ, ಕೋಷ್ಟಕದ ಒಂದು ಮನೆಯಲ್ಲಿ ‘ಉಂಟು’ ಎಂಬುದನ್ನು ‘ಇಲ್ಲ’ ಎಂದು ತಿದ್ದಿದರೆ ಸಾಕು, ಆ ಬಗೆಯ ಚಂದಾದಾರರೆಲ್ಲರಿಗೂ ಅದೇ ಗಳಿಗೆಯಲ್ಲಿ ಸೌಲಭ್ಯ ನಿಂತುಹೋಗುತ್ತದೆ.

ಎಂಜಿನಿಯರುಗಳು ಇಂತಹ ಸ್ವಿಚ್ಚನ್ನು ಮೋಸಕ್ಕಾಗಿ ರಚಿಸಿದುದಲ್ಲ. ಹೊಸ ಸೌಲಭ್ಯವೊಂದನ್ನು ಮೊದಲು ನೂರರಲ್ಲಿ ಒಬ್ಬ ಗಿರಾಕಿಗೆ ಮಾತ್ರ ತೋರಿಸಿ ಪರೀಕ್ಷಿಸುವುದಕ್ಕೂ, ಅದರಲ್ಲಿ ದೋಷ ಕಂಡುಬಂದರೆ ಇಡೀ ತಾಣವನ್ನು ನಿಲ್ಲಿಸದೆ ಅದೊಂದನ್ನೇ ಮುಚ್ಚುವುದಕ್ಕೂ ಇದು ಬೇಕೇ ಬೇಕು. ಆದರೆ ಸಲಕರಣೆ ಒಂದೇ ಆದರೂ ಅದರ ಉಪಯೋಗಗಳು ಹಲವು.

ಹಂಪೆ, ಹೊಸಪೇಟೆ, ಕಂಪ್ಲಿಗಳ ಸುತ್ತಿನ ರೈತರಿಗೆ ಈ ಸ್ಥಿತಿ ಸುಲಭವಾಗಿ ಅರ್ಥವಾದೀತು. ಬಾವಿಯ ನೀರು ತನ್ನ ಹೊಲದಲ್ಲಿರುತ್ತದೆ. ಕಾಲುವೆಯ ನೀರಿನ ತೂಬು ಮೇಲುಗಡೆ ಇರುತ್ತದೆ. ಕಾಲುವೆಯನ್ನು ನಂಬಿ ಭತ್ತ ನಾಟಿ ಮಾಡಿದವನಿಗೆ ತೂಬು ತೆರೆಯುವವನ ಮಾತೇ ಆಧಾರ. ನಾಟಿಯ ನಂತರ ತೂಬು ಮುಚ್ಚಿದರೆ ನಷ್ಟ ನೀರಿನದಷ್ಟೇ ಅಲ್ಲ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವೂ ಅದರೊಂದಿಗೆ ಹೋಗುವುವು.

ಈ ಗುಣ ಉದ್ಯೋಗ ತಾಣಗಳಿಗೆ ಮಾತ್ರ ಸೇರಿದುದಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆ, ಹಕ್ಕಿಲ್ಲದ ಪ್ರಕಾಶಕನೊಬ್ಬನು ಮಾರಿದನೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ಕಾದಂಬರಿಗಳ ಪ್ರತಿಗಳನ್ನು ಕೊಂಡವರ ಕಿಂಡಲ್ ಯಂತ್ರಗಳಿಂದಲೇ ದೂರದಿಂದ ಅಳಿಸಿಹಾಕಿ, ಹಣವನ್ನು ಹಿಂದಿರುಗಿಸಿತು. 2010ರಲ್ಲಿ ಸೋನಿ ಸಂಸ್ಥೆ ತನ್ನ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದಲ್ಲಿ ಬೇರೊಂದು ಕಾರ್ಯವ್ಯವಸ್ಥೆಯನ್ನು ನಡೆಸುವ ಅನುಕೂಲವನ್ನು ಮಾರಾಟದ ನಂತರ ತೆಗೆದುಹಾಕಿತು. ಅದರ ಮೇಲೆ ಅಮೆರಿಕದಲ್ಲಿ ಹೂಡಿದ ಮೊಕದ್ದಮೆ ಹಲವು ವರ್ಷ ನಡೆದು, ಪರಿಹಾರದ ಒಪ್ಪಂದದಲ್ಲಿ ಕೊನೆಗೊಂಡಿತು.

ಎರಡು ಬದಿಯ ಸಂತೆ

ಇನ್ನು ಎರಡನೆಯ ಪ್ರಶ್ನೆ. ಹಣ ಕೊಡುವ ಗಿರಾಕಿಯನ್ನು ನೋಯಿಸುವುದರಿಂದ ವ್ಯಾಪಾರಿಗೆ ಲಾಭವೆಂತು?

ಇದನ್ನು ತಿಳಿಯಲು ಸಂತೆಯ ಉದಾಹರಣೆಯೇ ಸಾಕು. ಕೊಳ್ಳುವವರು ಬಾರದ ಸಂತೆಗೆ ಮಾರುವವರು ಬಾರರು. ಮಾರುವವರಿಲ್ಲದ ಸಂತೆಗೆ ಕೊಳ್ಳುವವರು ಬಾರರು. ಆದುದರಿಂದ ಹೊಸದಾಗಿ ಸಂತೆ ಕೂಡಿಸುವವನು ಮೊದಲ ವರ್ಷ ಸುಂಕ ಬಿಟ್ಟುಕೊಟ್ಟು, ನೆರಳು ನೀರು ಒದಗಿಸಿ ಜನರನ್ನು ಕರೆಯುತ್ತಾನೆ. ಜನ ಕೂಡಿ ರೂಢಿಯಾದ ಮೇಲೆ ಅಂಗಡಿಯವನಿಗೆ ಬೇರೆಡೆಗೆ ಹೋಗುವುದು ಕಷ್ಟ. ಏಕೆಂದರೆ ಗಿರಾಕಿಗಳೆಲ್ಲ ಇಲ್ಲಿಯೇ ಇದ್ದಾರೆ. ಆಗ ಸುಂಕ ಏರುತ್ತದೆ.

ಇಂತಹ ಮಾರುಕಟ್ಟೆಗಳನ್ನು ಅರ್ಥಶಾಸ್ತ್ರಜ್ಞರು ಎರಡು ಬದಿಯ ಮಾರುಕಟ್ಟೆಗಳೆಂದು ಕರೆಯುತ್ತಾರೆ. ಫ್ರಾನ್ಸಿನ ಝಾನ್ ಶಾರ್ಲ್ ರೋಷೆ ಮತ್ತು ಝಾನ್ ತಿರೋಲ್ ಎಂಬ ವಿದ್ವಾಂಸರು 2003ರಲ್ಲಿ ಇವುಗಳ ಮೇಲೆ ಪ್ರಸಿದ್ಧವಾದ ಲೇಖನವೊಂದನ್ನು ಪ್ರಕಟಿಸಿದರು. ತಿರೋಲರಿಗೆ 2014ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ಬದಿಗಳಲ್ಲಿ ಯಾರಿಂದ ಎಷ್ಟು ಹಣ ಪಡೆಯಬೇಕೆಂಬುದು ಸೇವೆಯ ಖರ್ಚನ್ನು ಮಾತ್ರವೇ ಅವಲಂಬಿಸಿರದೆ, ಒಂದು ಬದಿಯವರ ಇರವು ಇನ್ನೊಂದು ಬದಿಯವರಿಗೆ ಎಷ್ಟು ಬೆಲೆಯುಳ್ಳದ್ದೆಂಬುದನ್ನೂ ಅವಲಂಬಿಸಿದೆಯೆಂಬುದು ಅವರ ವಿಚಾರದ ಸಾರ. ಕೆಲಸ ಹುಡುಕುವವನಿಗೆ ಉಚಿತವೂ ಧಣಿಗೆ ದುಬಾರಿಯೂ ಆಗಿರುವುದಕ್ಕೆ ಕಾರಣ ಇದೇ.

ಕೆನಡಾದಲ್ಲಿ ಹುಟ್ಟಿದ ಲೇಖಕ ಕೋರಿ ಡಾಕ್ಟರೋ 2022ರಿಂದೀಚೆಗೆ ಇಂತಹ ತಾಣಗಳ ಇಳಿಗಾಲವನ್ನು ಮೂರು ಹಂತಗಳಾಗಿ ವಿವರಿಸುತ್ತ ಬಂದಿದ್ದಾನೆ. ತಾಣ ಮೊದಲು ಸಾಮಾನ್ಯ ಬಳಕೆದಾರರಿಗೆ ಒಳ್ಳೆಯದಾಗಿರುತ್ತದೆ. ಅವರು ನೆಲೆನಿಂತ ಮೇಲೆ, ಅವರ ಅನುಕೂಲವನ್ನು ಕಡಿಮೆ ಮಾಡಿ ಹಣ ಕೊಡುವ ವ್ಯಾಪಾರಿಗಳಿಗೆ ಒಳ್ಳೆಯದಾಗುತ್ತದೆ. ವ್ಯಾಪಾರಿಗಳೂ ಬಿಟ್ಟುಹೋಗಲಾರದ ಸ್ಥಿತಿಗೆ ಬಂದ ಮೇಲೆ, ಅವರಿಗಿತ್ತ ಅನುಕೂಲವನ್ನೂ ಹಿಂದೆಗೆದುಕೊಂಡು ತನ್ನ ಬೊಕ್ಕಸವನ್ನು ತುಂಬಿಕೊಳ್ಳುತ್ತದೆ. ಬಂಡ್ರಿಯ ಗುತ್ತಿಗೆದಾರ ಸಿಕ್ಕಿಕೊಂಡಿರುವುದು ಈ ಮೂರನೆಯ ಹಂತದಲ್ಲಿ.

ಬಿಟ್ಟುಹೋಗಲಾರದ ಸ್ಥಿತಿಯೆಂದರೇನು? ಅವನು ಆರಿಸಿಟ್ಟ ಹೆಸರುಗಳ ಪಟ್ಟಿ, ಬಂದ ಅರ್ಜಿಗಳು, ಹಿಂದಿನ ಸಂದೇಶಗಳು ಎಲ್ಲವೂ ಆ ತಾಣದಲ್ಲಿಯೇ ಇವೆ. ಅಲ್ಲದೆ ಇಡೀ ವರ್ಷದ ಹಣ ಮುಂಗಡವಾಗಿ ಸಂದಾಯವಾಗಿದೆ. ಮೂರು ತಿಂಗಳ 6,000 ರೂಪಾಯಿ ಸಲ್ಲಬೇಕಾದಲ್ಲಿ ಸಂದಿತು. ಉಳಿದ 18,000 ರೂಪಾಯಿ ಇನ್ನೊಬ್ಬನ ಕೈಯಲ್ಲಿದೆ. ಹೋದ ಸೌಲಭ್ಯಗಳು ಸೇವೆಯ ಬೆಲೆಯಲ್ಲಿ ಅರ್ಧಪಾಲೆಂದಿಟ್ಟುಕೊಂಡರೂ 9,000 ರೂಪಾಯಿಗಳ ನಷ್ಟ. ಹೊತ್ತಿಗೆ ವೆಲ್ಡರುಗಳು ಸಿಗದೆ ಗುತ್ತಿಗೆ ತಪ್ಪಿದರೆ ಆಗುವ ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚಿನದು.

ಒಂದು ಪಕ್ಷ ಮೊದಲೇ ಹಣ ತೊಡಗಿಸಿ, ಇನ್ನೊಂದು ಪಕ್ಷಕ್ಕೆ ಆಮೇಲೆ ಷರತ್ತು ಬದಲಿಸುವ ಅವಕಾಶವಿದ್ದಾಗ ಏನಾಗುವುದೆಂಬುದು ಕರಾರುಗಳ ಶಾಸ್ತ್ರದಲ್ಲಿ ಒಂದು ಮುಖ್ಯ ಪ್ರಶ್ನೆ. ಆಲಿವರ್ ವಿಲಿಯಮ್‌ಸನ್, ಆಲಿವರ್ ಹಾರ್ಟ್ ಮುಂತಾದವರು ಇದನ್ನು ಆಳವಾಗಿ ವಿಚಾರಿಸಿದರು. ಮೊದಲನೆಯವರಿಗೆ 2009ರಲ್ಲಿಯೂ ಎರಡನೆಯವರಿಗೆ 2016ರಲ್ಲಿಯೂ ನೊಬೆಲ್ ಪಾರಿತೋಷಕ ಸಂದಿತು. ಮುಂದೆ ಒದಗಬಹುದಾದುದೆಲ್ಲವನ್ನೂ ಯಾವ ಕರಾರೂ ಮೊದಲೇ ಬರೆದಿಡಲಾರದು. ಆದುದರಿಂದ ಬರೆಯದೆ ಉಳಿದ ವಿಷಯದಲ್ಲಿ ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದೇ ನಿರ್ಣಾಯಕವೆಂದು ಹಾರ್ಟರು ತೋರಿಸಿದರು.

ಹೆಸರು ಉಳಿದು ಬೆಲೆ ಬದಲಾದ ಬಗೆ

ಕೆಲವೊಮ್ಮೆ ಸೌಲಭ್ಯ ಪೂರ್ತಿ ಹೋಗುವುದಿಲ್ಲ. ಅದರ ಹೆಸರು ಹಾಗೆಯೇ ಉಳಿದು, ನಿಯಮ ಮಾತ್ರ ಬದಲಾಗುತ್ತದೆ. ಇದಕ್ಕೆ ಲಿಂಕ್ಡ್‌ಇನ್ನಿನ ಒಂದು ಬದಲಾವಣೆ ಒಳ್ಳೆಯ ಉದಾಹರಣೆ. ಪರಿಚಯವಿಲ್ಲದ ಅಭ್ಯರ್ಥಿಗೆ ನೇರವಾಗಿ ಬರೆಯಲು ಇನ್‌ಮೇಲ್ ಎಂಬ ಸಂದೇಶವನ್ನು ಚಂದಾದಾರರು ಉಪಯೋಗಿಸುವರು. ತಿಂಗಳಿಗೆ ಇಷ್ಟೆಂದು ಸಂದೇಶಗಳ ಮಿತಿಯುಂಟು. ಮೊದಲು, ಏಳು ದಿನಗಳೊಳಗೆ ಉತ್ತರ ಬಾರದಿದ್ದರೆ ಆ ಸಂದೇಶದ ಲೆಕ್ಕ ಚಂದಾದಾರನಿಗೆ ಹಿಂದಿರುಗುತ್ತಿತ್ತು. 2015ರ ಜನವರಿಯಿಂದ ಇದು ತಿರುಗುಮುರುಗಾಯಿತು: 90 ದಿನಗಳೊಳಗೆ ಉತ್ತರ ಬಂದ ಸಂದೇಶದ ಲೆಕ್ಕ ಮಾತ್ರ ಹಿಂದಿರುಗುವುದೆಂದಾಯಿತು.

ಇದರ ಪರಿಣಾಮವನ್ನು ಲೆಕ್ಕಹಾಕಿ ನೋಡೋಣ. ಒಬ್ಬನು 30 ಸಂದೇಶಗಳನ್ನು ಕಳುಹಿಸಿದನು. 6 ಮಂದಿ ಉತ್ತರಿಸಿದರು. ಹಳೆಯ ನಿಯಮದಂತೆ ಉತ್ತರ ಬಾರದ 24 ಹಿಂದಿರುಗಿ, ಖರ್ಚಾದುದು 6 ಮಾತ್ರ. ಎಂದರೆ ಒಂದು ಉತ್ತರಕ್ಕೆ ಒಂದು ಸಂದೇಶದ ವೆಚ್ಚ. ಹೊಸ ನಿಯಮದಂತೆ 6 ಹಿಂದಿರುಗಿ, ಖರ್ಚಾದುದು 24; ಒಂದು ಉತ್ತರಕ್ಕೆ ನಾಲ್ಕು ಸಂದೇಶಗಳ ವೆಚ್ಚ. ಚಂದಾ ಅಷ್ಟೇ, ಸೌಲಭ್ಯದ ಹೆಸರೂ ಅದೇ; ಆದರೆ ಈತನ ಪಾಲಿಗೆ ಬೆಲೆ ನಾಲ್ಮಡಿಯಾಯಿತು. ಹತ್ತರಲ್ಲಿ ಒಬ್ಬನು ಮಾತ್ರ ಉತ್ತರಿಸುವಂತಿದ್ದರೆ ಬೆಲೆ ಒಂಬತ್ತು ಮಡಿಯಾಗುವುದು. ಇದಕ್ಕೆ ವಿರುದ್ಧವಾಗಿ, 30ರಲ್ಲಿ 15 ಮಂದಿ ಉತ್ತರಿಸಿದರೆ ಎರಡೂ ನಿಯಮಗಳಲ್ಲಿ ಖರ್ಚು 15, ವ್ಯತ್ಯಾಸವೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಉತ್ತರಿಸಿದರೆ ಹೊಸ ನಿಯಮವೇ ಲಾಭಕರ.

ಈ ಲೆಕ್ಕ ಎರಡು ಪಾಠಗಳನ್ನು ಕಲಿಸುತ್ತದೆ. ಸೌಲಭ್ಯದ ಹೆಸರನ್ನು ನೋಡಿ ಬೆಲೆ ಕಟ್ಟಲಾಗದೆಂಬುದು ಮೊದಲನೆಯದು. ಒಂದೇ ಬದಲಾವಣೆ ಒಬ್ಬನಿಗೆ ನಷ್ಟವೂ ಇನ್ನೊಬ್ಬನಿಗೆ ಲಾಭವೂ ಆಗಬಹುದೆಂಬುದು ಎರಡನೆಯದು. ಹಳೆಯ ನಿಯಮದಲ್ಲಿ, ಯಾರಿಗೆಂದು ಯೋಚಿಸದೆ ರಾಶಿಗಟ್ಟಲೆ ಸಂದೇಶ ಕಳುಹಿಸುವವನಿಗೆ ಶಿಕ್ಷೆಯಿರಲಿಲ್ಲ. ಹೊಸ ನಿಯಮ ಯೋಚಿಸಿ ಬರೆಯುವವನಿಗೆ ಅನುಕೂಲವಾಯಿತು. ಅದೇ ತಾಣ 2017ರಲ್ಲಿ ವ್ಯಕ್ತಿಗಳ ಬಗ್ಗೆ ಟಿಪ್ಪಣಿ ಬರೆದಿಡುವ ಮತ್ತು ಗುರುತುಪಟ್ಟಿ ಅಂಟಿಸುವ ಅನುಕೂಲವನ್ನು ತನ್ನ ಮುಖ್ಯ ಪುಟದಿಂದ ತೆಗೆದು, ಸೇಲ್ಸ್ ನ್ಯಾವಿಗೇಟರ್ ಎಂಬ ಬೇರೆ ಚಂದಾದಲ್ಲಿ ಇರಿಸಿತು.

ಎಲ್ಲವೂ ಮೋಸವೆ?

ಆದರೂ ಸೌಲಭ್ಯ ಹಿಂದೆಗೆದುಕೊಂಡುದೆಲ್ಲವೂ ಮೋಸವೆಂದು ತೀರ್ಮಾನಿಸುವುದು ಸರಿಯಲ್ಲ. ಅಭ್ಯರ್ಥಿಗಳ ದೂರವಾಣಿ ಸಂಖ್ಯೆಗಳನ್ನೇ ತೆಗೆದುಕೊಳ್ಳಿ. ಅವು ಸುಲಭವಾಗಿ ದೊರೆತಾಗ ಕೆಲಸ ಕೊಡಿಸುವೆವೆಂದು ಹೇಳಿ ‘ನೋಂದಣಿ ಶುಲ್ಕ’ ಕೀಳುವ ವಂಚಕರಿಗೂ ದೊರೆಯುತ್ತವೆ. ಕೆಲಸವಿಲ್ಲದ ತರುಣರು ಇಂತಹ ಕರೆಗಳಿಗೆ ಬಲಿಯಾಗುವುದನ್ನು ನಾವೆಲ್ಲರೂ ಕೇಳಿದ್ದೇವೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಬ್ಬನ ವಿವರಗಳನ್ನು ಅವನು ಒಪ್ಪಿದ ಉದ್ದೇಶಕ್ಕೆ ಮಾತ್ರ ಉಪಯೋಗಿಸಬೇಕೆಂಬ ತತ್ತ್ವವನ್ನು ಹಿಡಿದಿದೆ. ಇಂತಹ ಕಾರಣದಿಂದ ಸಂಖ್ಯೆಗಳನ್ನು ಮರೆಮಾಡಿದರೆ ಅದನ್ನು ತಪ್ಪೆನ್ನಲಾಗದು. ಸಂಸ್ಥೆಯೇ ಕೈಬದಲಾಗುವುದೂ ಉಂಟು. ಮೇಲೆ ಹೇಳಿದ ಬಾಬಾಜಾಬನ್ನು 2017ರಲ್ಲಿ ಬೆಂಗಳೂರಿನದೇ ಆದ ಕ್ವಿಕರ್ ಸಂಸ್ಥೆ ಕೊಂಡು ತನ್ನ ಉದ್ಯೋಗ ವಿಭಾಗದಲ್ಲಿ ಸೇರಿಸಿಕೊಂಡಿತು.

ನ್ಯಾಯವನ್ನು ಅಳೆಯುವ ಕೋಲು ಬೇರೊಂದಿದೆ. ಮುಂಚಿತವಾಗಿ ತಿಳಿಸಿದರೆ? ಉಳಿದ ಅವಧಿಯ ಹಣವನ್ನು ಹಿಂದಿರುಗಿಸಿದರೆ? ತೆಗೆದ ಸೌಲಭ್ಯವನ್ನೇ ಹೆಚ್ಚಿನ ಬೆಲೆಗೆ ಮತ್ತೆ ಮಾರಿದರೆ? ದುರುಪಯೋಗ ತಡೆಯುವುದೇ ಉದ್ದೇಶವಾಗಿದ್ದಲ್ಲಿ, ಹೆಚ್ಚು ಹಣ ಕೊಟ್ಟವನಿಗೆ ಅದೇ ಸಂಖ್ಯೆ ಮತ್ತೆ ಕಾಣಿಸಿಕೊಳ್ಳಬಾರದಷ್ಟೆ.

ಕಾಯಿದೆಯ ಮಾತು

ಗುತ್ತಿಗೆದಾರನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೆ? ಇಲ್ಲಿ ಒಂದು ತೊಡಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕಾಗಿ ಸೇವೆಯನ್ನು ಕೊಳ್ಳುವವನನ್ನು ‘ಗ್ರಾಹಕ’ನೆಂದು ಗಣಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವ ಸಲುವಾಗಿಯೇ ಕೊಂಡವನಿಗೆ ವಿನಾಯಿತಿಯುಂಟು. ಹಲವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಗುತ್ತಿಗೆದಾರನು ಆ ವಿನಾಯಿತಿಯೊಳಗೆ ಬರುವುದು ಕಷ್ಟ. ಅವನಿಗೆ ಮುಖ್ಯ ಆಸರೆ 1872ರ ಭಾರತೀಯ ಕರಾರು ಕಾಯಿದೆ. ಅದರ 62ನೆಯ ಪ್ರಕರಣದಂತೆ ಕರಾರನ್ನು ಬದಲಾಯಿಸಲು ಉಭಯ ಪಕ್ಷಗಳ ಒಪ್ಪಿಗೆ ಬೇಕು. 73ನೆಯ ಪ್ರಕರಣದಂತೆ ಕರಾರು ಮುರಿದವನು ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡಬೇಕು.

ಹಾಗಿದ್ದಮೇಲೆ ಚಿಂತೆಯೇನೆಂದು ನೀವು ಕೇಳಬಹುದು. ಚಂದಾ ಕಟ್ಟುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದ ದೀರ್ಘವಾದ ಷರತ್ತುಗಳ ನಡುವೆ, ಸೌಲಭ್ಯಗಳನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಸಂಸ್ಥೆಗಿದೆಯೆಂಬ ವಾಕ್ಯವೊಂದು ಸಾಮಾನ್ಯವಾಗಿ ಅಡಗಿರುತ್ತದೆ. ಬರೆಯದೆ ಉಳಿದುದರ ಮೇಲೆ ಅಧಿಕಾರ ಯಾರದೆಂದು ಹಾರ್ಟರು ಕೇಳಿದ ಪ್ರಶ್ನೆಗೆ ಆ ವಾಕ್ಯ ಮೊದಲೇ ಉತ್ತರ ಬರೆದಿಟ್ಟಿದೆ. ವ್ಯಾಜ್ಯ ಹೂಡಲು ಬೇಕಾಗುವ ಕಾಲ ಮತ್ತು ಖರ್ಚುಗಳ ಮುಂದೆ 9,000 ರೂಪಾಯಿಗಳ ನಷ್ಟ ಚಿಕ್ಕದಾಗಿ ಕಾಣುವುದರಿಂದ ಬಹುಮಂದಿ ಸುಮ್ಮನಾಗುವರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಅಂತರ್ಜಾಲದ 13 ಬಗೆಯ ಕುಟಿಲ ರಚನೆಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದೂ, ಬಿಡಿಸಿಕೊಳ್ಳಲಾಗದ ಚಂದಾ ಬಲೆಯೂ ಅದರಲ್ಲಿ ಸೇರಿವೆ. ವರ್ಷದ ನಡುವೆ ಸೌಲಭ್ಯ ಕಳೆದುಕೊಂಡ ವ್ಯಾಪಾರಿಗೆ ಈ ಪಟ್ಟಿ ನೇರವಾಗಿ ಒದಗದಿದ್ದರೂ, ಸಮಾಜ ಯಾವುದನ್ನು ಅನ್ಯಾಯವೆಂದು ಎಣಿಸತೊಡಗಿದೆಯೆಂಬುದನ್ನು ಇದು ಸೂಚಿಸುತ್ತದೆ.

ಮಾಡಬಹುದಾದುದೇನು?

ತೂಬು ತನ್ನ ಕೈಯಲ್ಲಿಲ್ಲದ ರೈತನು ಒಂದು ಬಾವಿಯನ್ನೂ ತೋಡಿಕೊಳ್ಳುವಂತೆ, ತಾಣವನ್ನು ಉಪಯೋಗಿಸುವವನೂ ಕೆಲವು ಎಚ್ಚರಗಳನ್ನು ವಹಿಸಬಹುದು. ವರ್ಷದ ಚಂದಾದಲ್ಲಿ ರಿಯಾಯಿತಿ ಇದ್ದರೂ ಮೊದಲು ತಿಂಗಳ ಅಥವಾ ಮೂರು ತಿಂಗಳ ಚಂದಾ ಕಟ್ಟುವುದು ಲೇಸು. ರಿಯಾಯಿತಿಯೆಂಬುದು ಮುಂಗಡ ಹಣದ ಅಪಾಯವನ್ನು ಹೊರುವುದಕ್ಕೆ ಕೊಟ್ಟ ಕೂಲಿಯೆಂದೇ ತಿಳಿಯಬೇಕು. ಮಾರಾಟದವನು ಬಾಯಲ್ಲಿ ಹೇಳಿದುದನ್ನು ಇ-ಮೇಲಿನಲ್ಲಿ ಬರೆಸಿಕೊಳ್ಳಬೇಕು. ಚಂದಾ ಕಟ್ಟಿದ ದಿನ ಸೌಲಭ್ಯಗಳ ಪಟ್ಟಿಯಿರುವ ಪುಟದ ಚಿತ್ರವನ್ನು ದಿನಾಂಕ ಸಹಿತ ಉಳಿಸಿಕೊಳ್ಳಬೇಕು. ತನ್ನಲ್ಲಿ ಕೆಲಸ ಮಾಡಿದವರ ಹೆಸರು, ಕಸುಬು, ಸಂಖ್ಯೆಗಳನ್ನು ಅವರ ಒಪ್ಪಿಗೆಯಿಂದ ಸ್ವಂತ ಪುಸ್ತಕದಲ್ಲಿ ಬರೆದಿಡಬೇಕು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯ ತಾಣವೂ ಕರ್ನಾಟಕ ಸರ್ಕಾರದ ಸ್ಕಿಲ್ ಕನೆಕ್ಟ್ ತಾಣವೂ ಧಣಿಗಳಿಂದ ಚಂದಾ ಕೇಳುವುದಿಲ್ಲ. ಅವುಗಳಲ್ಲಿಯೂ ಪ್ರಯತ್ನಿಸಿ ನೋಡಬೇಕು.

ವಿದ್ಯಾರ್ಥಿಗಳಾದ ನಮಗೆ ಈ ಧಣಿಗಳ ಚಿಂತೆಯೇಕೆಂದು ವಾಚಕರಲ್ಲಿ ಕೆಲವರು ಭಾವಿಸಬಹುದು. ಸಂತೆಗೆ ಎರಡು ಬದಿಗಳಿವೆಯೆಂಬುದನ್ನು ಮರೆಯದಿರೋಣ. ಐ.ಟಿ.ಐ. ಮುಗಿಸಿ ವೆಲ್ಡಿಂಗ್ ಕಲಿತ ಬಂಡ್ರಿಯ ಹುಡುಗನೊಬ್ಬನು ಅದೇ ತಾಣದಲ್ಲಿ ತನ್ನ ಹೆಸರು ಬರೆಸಿ ಕರೆಗಾಗಿ ಕಾದಿದ್ದಾನೆ. ಅವನ ಊರಿನಲ್ಲಿಯೇ ಇರುವ ಗುತ್ತಿಗೆದಾರನ ಪಟ್ಟಿಯಲ್ಲಿ ತಾಲ್ಲೂಕಿನ ಆಯ್ಕೆ ಹೋಯಿತು. ಜಿಲ್ಲೆಯ ಸಾವಿರಾರು ಹೆಸರುಗಳ ನಡುವೆ ಇವನ ಹೆಸರು ಮುಳುಗಿತು. ತನಗೆ ಕರೆ ಏಕೆ ಬರಲಿಲ್ಲವೆಂಬುದು ಅವನಿಗೆ ತಿಳಿಯುವುದೇ ಇಲ್ಲ. ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಅವನು ಬಗೆಯುವನು. ಕೊರತೆ ಅವನದಲ್ಲ, ದೂರದ ಕೋಷ್ಟಕವೊಂದರಲ್ಲಿ ತಿದ್ದಿದ ಒಂದು ಗುರುತಿನದು. ಇಷ್ಟನ್ನು ಅರಿತಿದ್ದರೆ ಅವನು ಸುಮ್ಮನೆ ಕಾದು ಕೂರದೆ, ಎದ್ದುಹೋಗಿ ಗುತ್ತಿಗೆದಾರನ ಬಾಗಿಲನ್ನೇ ತಟ್ಟಿಯಾನು.